ತೂತು ಹೊಡೆಯುವ ಪೈಪಿಗೆ ಪೇಟೆಂಟ್ ಸಿಗುತ್ತದೆಯೇ?

ಟೊಮೆಟೊ ನಾಟಿಯ ದಿನಗಳಲ್ಲಿ ಕೋಲಾರ ಜಿಲ್ಲೆಯ ಹೋಳೂರು ಸುತ್ತಿನ ಯಾವ ಹೊಲಕ್ಕೆ ಹೋದರೂ ನೋಟ ಒಂದೇ. ಏರು ಹಾಕಿದ ಬೆಡ್ಡುಗಳ ಮೇಲೆ ಬೆಳ್ಳಿ ಬಣ್ಣದ ಮಲ್ಚಿಂಗ್ ಪೇಪರ್ ಬಿಗಿಯಾಗಿ ಹಾಸಿರುತ್ತದೆ. ಅದರಡಿ ಡ್ರಿಪ್ ಪೈಪು. ಸಸಿ ಊರುವವರಿಗಿಂತ ಮುಂದೆ ಒಬ್ಬರು ಪೇಪರಿಗೆ ತೂತು ಹೊಡೆಯುತ್ತಾ ಹೋಗುತ್ತಾರೆ. ಕೆಲವರ ಕೈಯಲ್ಲಿ ಕೆಂಡದಲ್ಲಿ ಕಾಯಿಸಿದ ಡಬ್ಬಿ, ಕೆಲವರ ಕೈಯಲ್ಲಿ ಬಾಯಿಗೆ ಹಲ್ಲು ಕೊಯ್ದ ಕಬ್ಬಿಣದ ಪೈಪು. ಇನ್ನೂ ಕೆಲವರು ಆ ಪೈಪಿಗೆ ಉದ್ದನೆಯ ಹಿಡಿ ಬೆಸೆಸಿ, ಪಕ್ಕಕ್ಕೊಂದು ಕಡ್ಡಿ ಚಾಚಿಸಿಕೊಂಡಿರುತ್ತಾರೆ. ಈ ತೂತಿನಲ್ಲಿ ನಿಂತರೆ ಮುಂದಿನ ತೂತು ಎಲ್ಲಿ ಬೀಳಬೇಕೆಂದು ಆ ಕಡ್ಡಿ ತೋರಿಸುತ್ತದೆ. ಸೊಂಟ ಬಗ್ಗಿಸಬೇಕಿಲ್ಲ, ದಾರ ಹಿಡಿದು ಅಳೆಯಬೇಕಿಲ್ಲ.

ಇಂಥದ್ದು ಹುಟ್ಟುವುದು ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ. ರೈತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀರು ಎಳೆದು, ‘ಅಣ್ಣಾ, ಹಿಂಗೆ ಬರಬೇಕು, ಈ ಕಡೆ ಒಂದಿಂಚು ಕಮ್ಮಿ ಇರಲಿ’ ಎನ್ನುತ್ತಾನೆ. ಅಂಗಡಿಯವನು ‘ಅದು ನಿಲ್ಲಲ್ಲ ಕಣಣ್ಣ, ಒಳಗಡೆ ಒಂದು ರಿಂಗ್ ಕೊಡ್ತೀನಿ’ ಎಂದು ತನ್ನದನ್ನೂ ಸೇರಿಸುತ್ತಾನೆ. ಸಂಜೆಗೆ ಸಾಮಾನು ಸಿದ್ಧ. ವಾರದೊಳಗೆ ಪಕ್ಕದ ಊರಿನವರು ನೋಡಿಕೊಂಡು ಹೋಗಿ ತಾವೂ ಮಾಡಿಸಿಕೊಳ್ಳುತ್ತಾರೆ. ಮುಂದಿನ ಹಂಗಾಮಿಗೆ ಅಂಥದ್ದೇ ಒಂದು, ಬಣ್ಣ ಬಳಿದು, ಸ್ಟಿಕ್ಕರ್ ಅಂಟಿಸಿಕೊಂಡು ಅಂಗಡಿಯಲ್ಲಿ ತೂಗಾಡುತ್ತಿದ್ದರೂ ಆಶ್ಚರ್ಯವಿಲ್ಲ.

ಆಗ ಅರಳಿಕಟ್ಟೆಯಲ್ಲೊಂದು ಮಾತು ಬರುತ್ತದೆ: ‘ಮೊದಲೇ ಪೇಟೆಂಟ್ ಮಾಡಿಸಬೇಕಿತ್ತು.’ ಹೇಳುವವರಿಗೂ ಕೇಳುವವರಿಗೂ ಅದು ಅರ್ಧ ಗೊತ್ತಿರುವ ಸಂಗತಿ. ಪೇಟೆಂಟ್ ಎಂದರೇನು, ಅದನ್ನು ಮಾಡಿಸಿದರೆ ದುಡ್ಡು ಯಾರು ಕೊಡುತ್ತಾರೆ, ಹೊಲದ ಬೆಳೆಗೂ ತೋಟದ ಮರಕ್ಕೂ ಅದು ಸಿಗುತ್ತದೆಯೇ?

ಗುಟ್ಟು ಬಿಟ್ಟುಕೊಟ್ಟರೆ ಇಪ್ಪತ್ತು ವರ್ಷ

ಪೇಟೆಂಟ್ ಎಂಬುದು ಸರ್ಕಾರ ಮತ್ತು ಸಂಶೋಧಕನ ನಡುವಿನ ಒಂದು ಕರಾರು. ‘ನೀನು ಕಂಡುಹಿಡಿದದ್ದನ್ನು ಬೇರೆಯವರೂ ಓದಿ ಮಾಡುವಷ್ಟು ಸ್ಪಷ್ಟವಾಗಿ ಬರೆದುಕೊಡು. ಅರ್ಜಿ ಹಾಕಿದ ದಿನದಿಂದ 20 ವರ್ಷ ಅದನ್ನು ನಿನ್ನ ಅಪ್ಪಣೆಯಿಲ್ಲದೆ ಯಾರೂ ತಯಾರಿಸದಂತೆ, ಮಾರದಂತೆ ತಡೆಯುವ ಹಕ್ಕು ಕೊಡುತ್ತೇನೆ’ ಎಂಬುದು ಅದರ ಸಾರ. ಗಡುವು ಮುಗಿದ ಮೇಲೆ ಆ ತಿಳಿವಳಿಕೆ ಎಲ್ಲರ ಸ್ವತ್ತು.

ಕೊಡುವುದು ತಡೆಯುವ ಹಕ್ಕನ್ನು ಮಾತ್ರ ಎಂಬುದನ್ನು ಗಮನಿಸಬೇಕು. ಪೇಟೆಂಟ್ ಬಂದವನಿಗೆ ಸರ್ಕಾರ ಬಹುಮಾನ ಕೊಡುವುದಿಲ್ಲ, ಪಿಂಚಣಿ ಕೊಡುವುದಿಲ್ಲ, ಕದ್ದವನನ್ನು ಹುಡುಕಿಯೂ ಕೊಡುವುದಿಲ್ಲ. ಹುಡುಕುವವನೂ ತಾನೇ, ಕೋರ್ಟಿಗೆ ಹೋಗುವವನೂ ತಾನೇ. ಭಾರತದಲ್ಲಿ ಪಡೆದ ಪೇಟೆಂಟು ಭಾರತದ ಗಡಿ ದಾಟಿದರೆ ನಡೆಯುವುದೂ ಇಲ್ಲ.

ಈ ವ್ಯವಸ್ಥೆ ನಮ್ಮಲ್ಲಿಗೆ ಬಂದದ್ದು ಕಂಪನಿ ಸರ್ಕಾರದ ಕಾಲದಲ್ಲಿ. 1856ರಲ್ಲಿ ಮೊದಲ ಕಾನೂನು ಬಂದಾಗ ಮೊದಲ ಅರ್ಜಿ ಹಾಕಿದವರು ಕಲ್ಕತ್ತೆಯ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್. ಅವರು ಕಂಡುಹಿಡಿದದ್ದು ಪಂಖ ಎಳೆಯುವ ಯಂತ್ರ. ಜವಾನನೊಬ್ಬ ಹಗ್ಗ ಹಿಡಿದು ಜಗ್ಗುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಉಪಾಯ. ನಮ್ಮ ದೇಶದ ಪೇಟೆಂಟಿನ ಇತಿಹಾಸ ಸಾಹೇಬರ ಸೆಕೆಯಿಂದ ಶುರುವಾಯಿತೆಂದರೆ ತಪ್ಪಾಗಲಾರದು. ಈಗ ಜಾರಿಯಲ್ಲಿರುವುದು 1970ರ ಕಾನೂನು. ಅದಕ್ಕೆ ತಳಹದಿ ಹಾಕಿಕೊಟ್ಟದ್ದು ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಹೊಂದುವಂತೆ 2005ರವರೆಗೆ ಅದನ್ನು ಮೂರು ಸಲ ತಿದ್ದಲಾಯಿತು.

ಪೇಟೆಂಟ್ ಸಿಗಬೇಕಾದರೆ ಮೂರು ಪರೀಕ್ಷೆ ದಾಟಬೇಕು. ಜಗತ್ತಿನಲ್ಲಿ ಎಲ್ಲೂ ಮೊದಲು ಬಂದಿರಬಾರದು. ಆ ಕಸುಬು ಬಲ್ಲವನಿಗೆ ತಾನಾಗಿಯೇ ಹೊಳೆಯುವಂಥದ್ದಾಗಿರಬಾರದು. ಕೈಗಾರಿಕೆಯಲ್ಲಿ ತಯಾರಿಸಲು, ಬಳಸಲು ಬರುವಂತಿರಬೇಕು. ಮೂರನೆಯದು ಸುಲಭ. ಹೆಚ್ಚಿನ ಅರ್ಜಿಗಳು ಬೀಳುವುದು ಮೊದಲೆರಡರಲ್ಲಿ.

ಸೈನೈಡ್ ದಿಬ್ಬದ ಹಿಂದಿನ ಕೇಸು

‘ಹೊಸದು’ ಎಂಬ ಪರೀಕ್ಷೆ ಎಷ್ಟು ಗಡಸು ಎಂಬುದಕ್ಕೆ ಉದಾಹರಣೆ ನಮ್ಮ ಜಿಲ್ಲೆಯ ಕಣ್ಣೆದುರಿಗೇ ಇದೆ. ಕೆಜಿಎಫ್‌ಗೆ ಹೋದವರೆಲ್ಲ ಬೂದು ಮಣ್ಣಿನ ಆ ದೊಡ್ಡ ಸೈನೈಡ್ ದಿಬ್ಬಗಳನ್ನು ನೋಡಿದ್ದಾರೆ. ಗಾಳಿಗಾಲದಲ್ಲಿ ಅದರ ದೂಳು ಕುಡಿದವರೂ ಇದ್ದಾರೆ. ಆ ದಿಬ್ಬಗಳ ಹೆಸರು ಒಂದು ಪೇಟೆಂಟಿನಿಂದ ಬಂದದ್ದು.

ಚಿನ್ನದ ಕಲ್ಲನ್ನು ಪುಡಿಮಾಡಿ ಪಾದರಸಕ್ಕೆ ಹಿಡಿಸುವುದು ಹಳೆಯ ಪದ್ಧತಿ. ಅದರಲ್ಲಿ ಸಾಕಷ್ಟು ಚಿನ್ನ ಸಿಗದೆ ಪುಡಿಯಲ್ಲೇ ಉಳಿಯುತ್ತಿತ್ತು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜಾನ್ ಸ್ಟುವರ್ಟ್ ಮೆಕಾರ್ಥರ್ ಎಂಬ ರಸಾಯನ ತಜ್ಞರು ಫಾರೆಸ್ಟ್ ಎಂಬ ವೈದ್ಯ ಸಹೋದರರೊಡನೆ ಸೇರಿ ಒಂದು ವಿಧಾನಕ್ಕೆ ಪೇಟೆಂಟ್ ಪಡೆದರು. ಆ ಪುಡಿಯನ್ನು ತೆಳುವಾದ ಸೈನೈಡ್ ದ್ರಾವಣದಲ್ಲಿ ನೆನೆಸಿದರೆ ಚಿನ್ನ ಕರಗಿ ಇಳಿಯುತ್ತದೆ, ಆ ನೀರನ್ನು ಸತುವಿನ ಚೂರುಗಳ ಮೇಲೆ ಹಾಯಿಸಿದರೆ ಚಿನ್ನ ಮತ್ತೆ ಕೂತುಕೊಳ್ಳುತ್ತದೆ. ಕಸವೆಂದು ಬಿಟ್ಟಿದ್ದರಲ್ಲೂ ಚಿನ್ನ ತೆಗೆಯಬಹುದಾಯಿತು. ದಕ್ಷಿಣ ಆಫ್ರಿಕಾದಿಂದ ನ್ಯೂಜಿಲೆಂಡಿನವರೆಗೆ ಗಣಿಗಳು ಅದನ್ನು ಹಿಡಿದವು. ಕೋಲಾರದ ಗಣಿಗಳಿಗೂ ಅದು ಬಂತು.

ಆದರೆ ರಾಯಲ್ಟಿ ಕೊಡಲು ಗಣಿ ಮಾಲೀಕರಿಗೆ ಮನಸ್ಸಿರಲಿಲ್ಲ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಅವರು ಕೋರ್ಟಿಗೆ ಹೋದರು. ಚಿನ್ನ ಸೈನೈಡಿನಲ್ಲಿ ಕರಗುತ್ತದೆಂದು ಎಷ್ಟೋ ಮೊದಲೇ ವಿಜ್ಞಾನಿಗಳು ಬರೆದಿಟ್ಟಿದ್ದಾರೆ, ಇದರಲ್ಲಿ ಹೊಸದೇನು ಎಂಬುದು ಅವರ ವಾದ. 1896ರಲ್ಲಿ ಅಲ್ಲಿನ ಕೋರ್ಟು ಪೇಟೆಂಟನ್ನು ರದ್ದು ಮಾಡಿತು. ನ್ಯೂಜಿಲೆಂಡ್ ಸರ್ಕಾರ ಬೇರೆ ದಾರಿ ಹಿಡಿಯಿತು. 1897ರಲ್ಲಿ 10,000 ಪೌಂಡ್ ಕೊಟ್ಟು ತನ್ನ ದೇಶದ ಮಟ್ಟಿಗೆ ಹಕ್ಕನ್ನು ತಾನೇ ಕೊಂಡು, ಗಣಿಗಳಿಗೆ ಕಡಿಮೆ ದರದಲ್ಲಿ ಬಿಟ್ಟುಕೊಟ್ಟಿತು. ಒಂದೇ ವಿಧಾನ, ಒಂದು ಕಡೆ ಸೋಲು, ಇನ್ನೊಂದು ಕಡೆ ಸಂಭಾವನೆ. ಪ್ರಯೋಗಾಲಯದ ಪುಸ್ತಕದಲ್ಲಿದ್ದ ಸಂಗತಿಯನ್ನು ಗಣಿಯಲ್ಲಿ ನಡೆಯುವ ಕಸುಬಾಗಿ ಮಾಡಿದವರಿಗೆ ಏನಾದರೂ ಸಲ್ಲಬೇಕಿತ್ತೇ ಎಂದು ಕೇಳಿದರೆ, ನನ್ನ ಮತ ನ್ಯೂಜಿಲೆಂಡಿನ ಕಡೆಗೆ.

‘ಮೊದಲೇ ಬರೆದಿತ್ತು’ ಎಂಬ ವಾದ ನಮ್ಮ ಪರವಾಗಿಯೂ ಕೆಲಸ ಮಾಡಿದ್ದುಂಟು. ಗಾಯಕ್ಕೆ ಅರಿಸಿನ ಹಚ್ಚುವುದು ಯಾವ ಅಜ್ಜಿಗೆ ಗೊತ್ತಿಲ್ಲ? 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅದರ ಮೇಲೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿಎಸ್‌ಐಆರ್ ಸಂಸ್ಥೆ ಅದನ್ನು ಪ್ರಶ್ನಿಸಿ, 1997ರಲ್ಲಿ ರದ್ದು ಮಾಡಿಸಿತು. ಅಜ್ಜಿಯಂದಿರ ಸಾಕ್ಷಿ ಅಲ್ಲಿ ನಡೆಯಲಿಲ್ಲ. ಹಳೆಯ ಗ್ರಂಥಗಳು, 1953ರಲ್ಲಿ ಭಾರತೀಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಲೇಖನ, ಇಂಥ ಕಾಗದಗಳೇ ನಡೆದದ್ದು. ಮುಂದೆ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಭಂಡಾರವನ್ನು ಕಟ್ಟಲು ಶುರು ಮಾಡಿದ್ದು ಈ ಪಾಠದಿಂದಲೇ.

ಮೇಳಕ್ಕೆ ಮೊದಲು ಅರ್ಜಿ

ಈಗ ಪೈಪಿಗೆ ಬರೋಣ. ಬೇಸಾಯದ ಕ್ರಮಕ್ಕೆ ನಮ್ಮ ದೇಶದಲ್ಲಿ ಪೇಟೆಂಟ್ ಇಲ್ಲ. ಟೊಮೆಟೊವನ್ನು ಹೀಗೆ ನಾಟಿ ಮಾಡಿದರೆ, ಇಷ್ಟು ದಿನಕ್ಕೆ ಹೀಗೆ ಚಿವುಟಿದರೆ ಹೆಚ್ಚು ಇಳುವರಿ ಎಂದು ನೀವು ಸಾಬೀತು ಮಾಡಿದರೂ ಅದು ಎಲ್ಲರದು. ಗಿಡ, ಪ್ರಾಣಿ, ಬೀಜಕ್ಕೂ ಇಲ್ಲ. ಆದರೆ ಸಲಕರಣೆಗೆ ಉಂಟು. ತೂತು ಹೊಡೆಯುವ ಪೈಪು ಸಲಕರಣೆಯೇ.

ತೊಡಕಿರುವುದು ಬೇರೆ ಕಡೆ. ಗೊತ್ತಿರುವ ಎರಡು ಸಾಮಾನುಗಳನ್ನು ಪಕ್ಕಪಕ್ಕ ಬೆಸೆದು, ಅವು ಒಂದಕ್ಕೊಂದು ಸಂಬಂಧವಿಲ್ಲದೆ ತಮ್ಮ ತಮ್ಮ ಹಳೆಯ ಕೆಲಸ ಮಾಡುತ್ತಿದ್ದರೆ ಕಾನೂನು ಅದನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಪೈಪಿಗೆ ಹಿಡಿ ಹಾಕಿದ್ದು, ಅಳತೆಗೊಂದು ಕಡ್ಡಿ ಚಾಚಿದ್ದು ಈ ಬಲೆಗೆ ಬೀಳುವ ಸಾಧ್ಯತೆ ಹೆಚ್ಚು. ಕಸುಬು ಬಲ್ಲ ಯಾವ ವೆಲ್ಡರಿಗೂ ಇದು ಹೊಳೆಯುತ್ತಿತ್ತು ಎಂದು ಪರೀಕ್ಷಕರು ಬರೆದರೆ ಎದುರು ವಾದಿಸುವುದು ಕಷ್ಟ. ಅದೇ ಪೈಪು ಒಂದೇ ಒತ್ತಿಗೆ ತೂತು ಹೊಡೆದು, ಮಣ್ಣು ತೋಡಿ, ಸಸಿ ಇಳಿಸಿ, ಬುಡ ಅಮುಕಿ ಮೇಲೆದ್ದರೆ, ಅದೂ ಹಿಂದೆ ಯಾರೂ ಮಾಡದ ರೀತಿಯಲ್ಲಿ, ಆಗ ಮಾತು ಬೇರೆ.

ಜರ್ಮನಿ, ಜಪಾನ್, ಚೀನಾದಂಥ ದೇಶಗಳಲ್ಲಿ ಇಂಥ ಚಿಕ್ಕ ಸುಧಾರಣೆಗಳಿಗೆಂದೇ ಕಿರು ಪೇಟೆಂಟಿನ ವ್ಯವಸ್ಥೆ ಇದೆ. ಪರೀಕ್ಷೆ ಸಡಿಲ, ಅವಧಿಯೂ ಕಡಿಮೆ. ನಮ್ಮಲ್ಲಿ ಅದು ಇಲ್ಲ. 2011ರಲ್ಲಿ ಕೇಂದ್ರ ಸರ್ಕಾರ ಚರ್ಚೆಗೊಂದು ಟಿಪ್ಪಣಿ ಹೊರಡಿಸಿತ್ತು, ಕಾನೂನು ಬರಲಿಲ್ಲ. ಬಂದಿದ್ದರೆ ಒಳ್ಳೆಯದೇ ಆಗುತ್ತಿತ್ತೆಂದು ಹೇಳುವುದೂ ಸುಲಭವಲ್ಲ. ಪ್ರತಿ ಊರಿನ ಪ್ರತಿ ಪೈಪಿಗೂ ಒಬ್ಬ ಒಡೆಯ ಹುಟ್ಟಿಕೊಂಡರೆ ಪಕ್ಕದ ಊರಿನವರು ನೋಡಿಕೊಂಡು ಹೋಗಿ ಮಾಡಿಸಿಕೊಳ್ಳುವುದು ನಿಲ್ಲುತ್ತದೆ. ಈ ಸೀಮೆಯ ಬೇಸಾಯ ನಡೆದಿರುವುದೇ ಆ ನೋಡಿ ಕಲಿಯುವುದರಿಂದ.

ಆದರೂ ನಿಜಕ್ಕೂ ಹೊಸದೊಂದನ್ನು ಕಟ್ಟಿದವರು ತಿಳಿದಿರಬೇಕಾದ ಒಂದು ಮಾತಿದೆ. ಅರ್ಜಿ ಹಾಕುವ ಮೊದಲು ಅದನ್ನು ಹತ್ತು ಜನರೆದುರು ತೋರಿಸಿದರೆ ‘ಹೊಸದು’ ಎಂಬ ಪಟ್ಟ ಹೋಗುತ್ತದೆ. ಜಿಕೆವಿಕೆ ಕೃಷಿ ಮೇಳದಲ್ಲಿ ಮಳಿಗೆ ಹಾಕುವುದು, ಮಗ ಅದರ ವಿಡಿಯೊ ಮಾಡಿ ಯೂಟ್ಯೂಬಿಗೆ ಏರಿಸುವುದು, ಎರಡೂ ಬಹಿರಂಗಪಡಿಸಿದಂತೆಯೇ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಸ್ತುಪ್ರದರ್ಶನಗಳಿಗೆ 12 ತಿಂಗಳ ರಿಯಾಯಿತಿ ಉಂಟು, ಆದರೆ ಊರ ಮೇಳಕ್ಕೆಲ್ಲ ಅದು ಸಿಗುತ್ತದೆಂದು ನಂಬಿ ಕೂರಬಾರದು. ಇದಕ್ಕೊಂದು ಮಗ್ಗುಲೂ ಇದೆ. ಪೇಟೆಂಟ್ ಬೇಡ, ಆದರೆ ಬೇರೆ ಯಾರೂ ಇದರ ಮೇಲೆ ಹಕ್ಕು ಹೇಳಬಾರದು ಎನ್ನುವವರಿಗೆ ಅದೇ ವಿಡಿಯೊ, ಅದೇ ಮೇಳದ ಫೋಟೊ ತಾರೀಖಿನ ಸಮೇತ ಸಾಕ್ಷಿಯಾಗುತ್ತದೆ.

ಅರ್ಜಿಯ ದಾರಿ ಉದ್ದ, ಆದರೆ ಬಾಗಿಲು ದುಬಾರಿಯಲ್ಲ. ಕರ್ನಾಟಕದವರು ಅರ್ಜಿ ಹಾಕಬೇಕಾದದ್ದು ಚೆನ್ನೈ ಪೇಟೆಂಟ್ ಕಚೇರಿಗೆ, ಆನ್‌ಲೈನಿನಲ್ಲೇ ಆಗುತ್ತದೆ. ಒಬ್ಬ ವ್ಯಕ್ತಿಗೆ ಅರ್ಜಿ ಶುಲ್ಕ 1,600 ರೂಪಾಯಿ, ಪರೀಕ್ಷೆಗೆ 4,000. ಕೆಲಸ ಪೂರ್ತಿಯಾಗಿಲ್ಲದಿದ್ದರೆ ಮೊದಲು ತಾತ್ಕಾಲಿಕ ವಿವರಣೆ ಕೊಟ್ಟು ತಾರೀಖು ಹಿಡಿದುಕೊಳ್ಳಬಹುದು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. 18 ತಿಂಗಳಿಗೆ ಅರ್ಜಿ ಪ್ರಕಟವಾಗುತ್ತದೆ, ಆಕ್ಷೇಪಣೆ ಇದ್ದವರು ಹಾಕಬಹುದು. ಪರೀಕ್ಷೆ ತಾನಾಗಿ ನಡೆಯುವುದಿಲ್ಲ, ಅದಕ್ಕೆ ಬೇರೆ ಕೋರಿಕೆ ಸಲ್ಲಿಸಬೇಕು. ಈಗಿನ ನಿಯಮದಂತೆ 31 ತಿಂಗಳೊಳಗೆ. ಪೇಟೆಂಟ್ ಬಂದ ಮೇಲೂ ಮೂರನೇ ವರ್ಷದಿಂದ ವರ್ಷ ವರ್ಷ ಶುಲ್ಕ ಕಟ್ಟದಿದ್ದರೆ ಅದು ಬಿದ್ದುಹೋಗುತ್ತದೆ.

ಖರ್ಚು ಬರುವುದು ಬರವಣಿಗೆಗೆ. ನಾಲ್ಕು ಗೀರಿನಲ್ಲಿ ತೋರಿಸಿದ್ದನ್ನು ಕಾನೂನಿನ ಭಾಷೆಯಲ್ಲಿ, ಇಷ್ಟು ನನ್ನದು, ಇದರಾಚೆ ನನ್ನದಲ್ಲ ಎಂದು ಬೇಲಿ ಹಾಕಿ ಬರೆಯುವುದು ಪರಿಣತರ ಕೆಲಸ. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಕನ್ನಡದಲ್ಲಿ ಯೋಚಿಸಿ ತೆಲುಗಿನಲ್ಲಿ ಚೌಕಾಸಿ ಮಾಡುವ ನಮ್ಮ ಗಡಿನಾಡಿನ ವೆಲ್ಡರು ಇಲ್ಲೇ ಕೈಬಿಡುತ್ತಾನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವೊಂದಿದೆ. ಕೋಲಾರದಿಂದ ಅದು ಎರಡು ಗಂಟೆಯ ಬಸ್ಸಿನ ಹಾದಿ, ಆದರೆ ಅದರ ಹೆಸರು ಕೇಳಿದವರು ಈ ಕಡೆ ಕಡಿಮೆ.

ಮುದ್ದೇನಹಳ್ಳಿಯವರು ಬೇಡವೆಂದ ರಾಯಲ್ಟಿ

ಕೋಲಾರ ಜಿಲ್ಲೆಯ ಅತಿ ಪ್ರಸಿದ್ಧ ಪೇಟೆಂಟುದಾರರು ಯಾರೆಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಅವರ ಫೋಟೊ ಮಾತ್ರ ಪ್ರತಿ ಶಾಲೆಯ ಗೋಡೆಯಲ್ಲಿದೆ. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೂ ಕೋಲಾರ ಜಿಲ್ಲೆಯಲ್ಲೇ ಇತ್ತು.

ಬೊಂಬಾಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಜಲಾಶಯ ಅವರ ಮುಂದಿದ್ದ ಸಮಸ್ಯೆ. ಹೆಚ್ಚು ನೀರು ನಿಲ್ಲಿಸಬೇಕು, ಅಣೆಕಟ್ಟನ್ನು ಎತ್ತರಿಸುವಂತಿಲ್ಲ. ಕೋಡಿಯ ಮೇಲೆ ಅವರು ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟದವರೆಗೆ ಬರುವ ತನಕ ಬಾಗಿಲು ತಡೆದು ನಿಲ್ಲಿಸುತ್ತದೆ. ಪ್ರವಾಹ ಬಂದು ಮಟ್ಟ ಮೀರಿದರೆ ಬಾಗಿಲು ತಾನೇ ಎದ್ದು ಹೆಚ್ಚಾದದ್ದನ್ನು ಬಿಡುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ನಡುರಾತ್ರಿ ಮಳೆಯಲ್ಲಿ ಓಡಿಬಂದು ತೆರೆಯಲು ಯಾರೂ ಬೇಕಿಲ್ಲ. 1903ರಲ್ಲಿ ಅಲ್ಲಿ ಮೊದಲು ಅಳವಡಿಸಿದ ಈ ಪದ್ಧತಿ ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೂ ನಮ್ಮ ಕನ್ನಂಬಾಡಿಗೂ ಬಂತು. ಕೆರೆಗಳ ಜಿಲ್ಲೆಯಲ್ಲಿ, ಕೋಡಿ ಬಿದ್ದರೆ ಊರೇ ಹಬ್ಬ ಮಾಡುವ ಸೀಮೆಯಲ್ಲಿ ಹುಟ್ಟಿದವರಿಗೆ ಕೋಡಿಯ ಮೇಲೆ ಬಾಗಿಲಿಡುವ ಯೋಚನೆ ಬಂದದ್ದು ಆಕಸ್ಮಿಕವೋ ಏನೋ, ನನಗಂತೂ ಅದು ಸಹಜವೆನಿಸುತ್ತದೆ.

ಅದಕ್ಕೆ ಅವರು ಪೇಟೆಂಟ್ ಮಾಡಿಸಿದರು. ಆದರೆ ತಾನೇ ಉಸ್ತುವಾರಿ ಎಂಜಿನಿಯರಾಗಿದ್ದ ಸರ್ಕಾರಿ ಕೆಲಸಕ್ಕೆ ರಾಯಲ್ಟಿ ಪಡೆಯುವುದು ಸರಿಯಲ್ಲವೆಂದು ತೆಗೆದುಕೊಳ್ಳಲಿಲ್ಲ. ಈ ಸಂಗತಿಯನ್ನು ನಾವು ತ್ಯಾಗದ ಕಥೆಯಾಗಿ ಮಕ್ಕಳಿಗೆ ಹೇಳುತ್ತೇವೆ. ಅದರೊಳಗೆ ಇನ್ನೊಂದು ಪ್ರಶ್ನೆ ಇದೆ: ಸಂಬಳ ತೆಗೆದುಕೊಂಡು ಕಂಡುಹಿಡಿದದ್ದು ಯಾರ ಸೊತ್ತು?

ಈ ಪ್ರಶ್ನೆ ದಿನಾ ನಮ್ಮ ತಟ್ಟೆಯಲ್ಲಿ ಮುದ್ದೆಯಾಗಿ ಬಂದು ಕೂರುತ್ತದೆ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಸರ್ಕಾರಿ ನೌಕರರಾಗಿದ್ದ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ತನ್ನಲ್ಲೇ ಪರಾಗ ಕಟ್ಟುವಂಥದ್ದು; ಅದರಲ್ಲಿ ಸಂಕರ ಮಾಡುವುದು ವರ್ಷಗಟ್ಟಲೆಯ ತಾಳ್ಮೆಯ ಕೆಲಸ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದರು. ಹೆಸರೇನೋ ಉಳಿಯಿತು. ಆದರೆ ಮೂಟೆಗೆ ಇಷ್ಟು ಎಂದು ಅವರಿಗೆ ಸಲ್ಲಿಸುವ ಯಾವ ಕಾನೂನೂ ಆಗ ಇರಲಿಲ್ಲ. ಶ್ರೀನಿವಾಸಪುರದ ತೋಟಗಳ ಮಲ್ಲಿಕಾ ಮಾವು ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ನೀಲಂ ಮತ್ತು ದಸೇರಿಯ ಸಂಕರದಿಂದ ಹುಟ್ಟಿದ್ದು. ನಮ್ಮ ರೇಷ್ಮೆ ಬೆಳೆಗಾರರ ವಿ-1 ಹಿಪ್ಪುನೇರಳೆ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯದು. ಒಂದು ಕಂತೆ ಕಡ್ಡಿ ಊರಿಂದೂರಿಗೆ ಹೋಗಿ ತೋಟಗಳಾದವು, ಯಾರೂ ಯಾರಿಗೂ ರಾಯಲ್ಟಿ ಕೊಡಲಿಲ್ಲ. ತೆರಿಗೆಯ ಹಣದಲ್ಲಿ ನಡೆದ ಸಂಶೋಧನೆ ರೈತನಿಗೆ ಬಿಟ್ಟಿ ಸಿಕ್ಕಿದ್ದು ನ್ಯಾಯವೇ.

ಕಾಲ ಈಗ ಬದಲಾಗಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಎಲೆಮುದುಡು, ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್. ಅದರ ಬೀಜ ತಯಾರಿಸುವ ಕಂಪನಿಗಳು ಸಂಸ್ಥೆಗೆ ಪರವಾನಗಿ ಹಣ ಕಟ್ಟುತ್ತವೆ. ಕೇಂದ್ರದ ಕೃಷಿ ಸಂಶೋಧನಾ ಪರಿಷತ್ತಿನ ಸಂಸ್ಥೆಗಳಲ್ಲಿ ಇಂಥ ಹಣದಲ್ಲಿ ಕಂಡುಹಿಡಿದ ವಿಜ್ಞಾನಿಗೂ ಪಾಲು ಕೊಡುವ ನಿಯಮ 2006ರಿಂದ ಇದೆ. ಖಾಸಗಿ ಕಂಪನಿಯ ನೌಕರನಿಗೆ ಮಾತ್ರ ನಮ್ಮ ಪೇಟೆಂಟ್ ಕಾನೂನು ಏನನ್ನೂ ಹೇಳುವುದಿಲ್ಲ. ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿದ ಕಾಗದದಲ್ಲಿ ಏನಿತ್ತೋ ಅದೇ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಆ ಕಾಗದ ಓದಿ ಸಹಿ ಹಾಕಿದರೆ ವಾಸಿ. ಜಪಾನಿನಲ್ಲಿ ನೀಲಿ ಎಲ್‌ಇಡಿ ಕಂಡುಹಿಡಿದ ಶುಜಿ ನಕಾಮುರಾ ಅವರಿಗೆ ಕಂಪನಿ ಕೊಟ್ಟ ಇನಾಮು 20,000 ಯೆನ್. ಅವರು ಕೋರ್ಟಿಗೆ ಹೋಗಿ, ಕೊನೆಗೆ 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿ ಆಯಿತು. 2014ರಲ್ಲಿ ನೊಬೆಲ್ ಕೂಡ ಬಂತು.

ಅಣ್ಣಿಗೇರಿಯ ಹುಣಸೆ ಯಂತ್ರ

ಸಂಬಳವೂ ಇಲ್ಲದ, ಸಂಸ್ಥೆಯೂ ಇಲ್ಲದವರ ಕಥೆಗೆ ಧಾರವಾಡ ಜಿಲ್ಲೆಯ ಅಣ್ಣಿಗೇರಿಗೆ ಹೋಗಬೇಕು. ಅಬ್ದುಲ್ ಖಾದರ್ ನಡಕಟ್ಟಿನ ಅವರು ಒಣ ಜಮೀನಿನಲ್ಲಿ ಹುಣಸೆ ಬೆಳೆದರು. ಹಣ್ಣಿನಿಂದ ಬೀಜ ಬೇರ್ಪಡಿಸುವ ಕೆಲಸ ಎಷ್ಟು ಬೇಸರದ್ದೆಂದು ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಂಗಳದಲ್ಲಿ ಕೂತು ಹುಣಸೆ ಕುಟ್ಟುವ ಹೆಂಗಸರಿಗೆ ಹೇಳಬೇಕಿಲ್ಲ. ನಡಕಟ್ಟಿನ ಅದಕ್ಕೊಂದು ಯಂತ್ರ ಮಾಡಿದರು. ಬಿತ್ತನೆಯ ಕೂರಿಗೆ, ಕುಂಟೆಯ ಉಪಕರಣ, ಒಂದರ ಮೇಲೊಂದು ಬಂದವು. ಅವರ ಮೊದಲ ಉಪಾಯ ಇನ್ನೂ ಮೋಜಿನದು: ಬೆಳಗ್ಗೆ ಏಳಲಾಗದೆ, ಅಲಾರಾಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಅದು ಬಿಚ್ಚಿಕೊಂಡಾಗ ಬಾಟಲಿ ಬಗ್ಗಿ ಮುಖದ ಮೇಲೆ ನೀರು ಬೀಳುವಂತೆ ಮಾಡಿಕೊಂಡಿದ್ದರು.

ಹುಣಸೆಯ ಹುಚ್ಚಿನಲ್ಲಿ ಅವರು ಸಾಲಕ್ಕೂ ಬಿದ್ದರು. ಆಮೇಲೆ ಎತ್ತಿ ನಿಲ್ಲಿಸಿದ್ದು ಕೂರಿಗೆಯ ಮಾರಾಟ. 2015ರಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಸಾಧನೆಯ ಪ್ರಶಸ್ತಿ, 2022ರಲ್ಲಿ ಪದ್ಮಶ್ರೀ. ಪ್ರಶಸ್ತಿ ತಡವಾಗಿ ಬಂತೆಂದು ಕೊರಗುವುದಕ್ಕಿಂತ ಒಂದು ವಿಷಯ ನೋಡಬೇಕು. ಅವರಿಗೆ ಅನ್ನ ಕೊಟ್ಟದ್ದು ತಾವೇ ವರ್ಕ್‌ಶಾಪ್ ಕಟ್ಟಿ, ತಾವೇ ತಯಾರಿಸಿ ಮಾರಿದ್ದು. ಕಂಡುಹಿಡಿಯುವ ಬುದ್ಧಿ, ತಯಾರಿಸುವ ಬಂಡವಾಳ, ಮಾರುವ ಚಾಲಾಕಿ ಮೂರೂ ಒಬ್ಬರಲ್ಲೇ ಇರುವುದು ಅಪರೂಪ. ಇಲ್ಲದವರಿಗೆ ನಡುವೆ ಒಬ್ಬರು ಬೇಕು.

ಆ ನಡುವಿನ ಕೆಲಸಕ್ಕೆಂದೇ ಹುಟ್ಟಿದ್ದು ಈ ಪ್ರತಿಷ್ಠಾನ. ಪ್ರೊಫೆಸರ್ ಅನಿಲ್ ಗುಪ್ತ ಅವರ ಹನಿ ಬೀ ಜಾಲದ ಬೆನ್ನಿಗೆ ಕೇಂದ್ರದ ವಿಜ್ಞಾನ ಇಲಾಖೆಯ ನೆರವಿನಿಂದ 2000ದಲ್ಲಿ ಗುಜರಾತಿನಲ್ಲಿ ಶುರುವಾಯಿತು. ಓದು ಬರಹ ಹೆಚ್ಚಿಲ್ಲದ ಸಂಶೋಧಕರ ಪರವಾಗಿ, ಅವರದೇ ಹೆಸರಿನಲ್ಲಿ ಪೇಟೆಂಟ್ ಅರ್ಜಿ ಬರೆದು ಹಾಕುವುದು, ತಯಾರಕರನ್ನು ಹುಡುಕಿ ಕರಾರು ಮಾಡಿಸುವುದು ಅದರ ಕೆಲಸ. ವೆಲ್ಡಿಂಗ್ ಅಂಗಡಿಯವನಿಗೆ ಪ್ರಮಾಣಪತ್ರಕ್ಕಿಂತ ಹೆಚ್ಚು ಬೇಕಾಗಿರುವುದು ಇಂಥ ಕರಾರೇ.

ಒಂದು ಹಲಸಿನ ಮರದ ಸಂಪಾದನೆ

ಕರಾರು ಸರಿಯಿದ್ದರೆ ಏನಾಗುತ್ತದೆಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಯಂತ್ರದ್ದಲ್ಲ, ಮರದ್ದು. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಚೇಳೂರಿನಲ್ಲಿ ಸಿದ್ದಪ್ಪನವರು ಹಾಕಿದ ಒಂದು ಹಲಸಿನ ಮರ. ಹಣ್ಣು ಎರಡೂವರೆ ಕಿಲೋ ಆಸುಪಾಸು, ಒಂದು ಮನೆಗೆ ಒಂದು ಸಾಕು. ತೊಳೆ ತಾಮ್ರದ ಕೆಂಪು, ಸಿಹಿಯೂ ಹೆಚ್ಚು. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ, ತಂದೆಯ ಹೆಸರಿನಲ್ಲೇ ‘ಸಿದ್ದು’ ಎಂದು ಕರೆದರು. 2017ರಲ್ಲಿ ಮಗ ಪರಮೇಶ್ ಜೊತೆ ಒಪ್ಪಂದವಾಯಿತು. ಸಂಸ್ಥೆ ಕಸಿ ಗಿಡ ಮಾಡಿ ಮಾರುತ್ತದೆ, ಬಂದ ಹಣದಲ್ಲಿ ಶೇಕಡಾ 75 ರೈತನಿಗೆ. ಒಂದೇ ಮರದಿಂದ ಆ ಕುಟುಂಬಕ್ಕೆ ಲಕ್ಷಗಟ್ಟಲೆ ಬಂತು, ಹಣ್ಣು ಮಾರಿದ್ದಕ್ಕಲ್ಲ, ಕಡ್ಡಿ ಕೊಟ್ಟಿದ್ದಕ್ಕೆ.

ಇದರ ಹಿಂದಿರುವುದು ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001. ಗಿಡಕ್ಕೆ ಪೇಟೆಂಟ್ ಇಲ್ಲದ ನಮ್ಮ ದೇಶ ಅದರ ಬದಲಿಗೆ ಮಾಡಿಕೊಂಡ ಕಾನೂನು. ತಳಿ ಮಾಡಿದ ಕಂಪನಿ ಅಥವಾ ವಿಜ್ಞಾನಿಯಂತೆ ರೈತನೂ ತಾನು ಬೆಳೆಸಿ, ಆರಿಸಿ, ಉಳಿಸಿಕೊಂಡು ಬಂದ ತಳಿಯನ್ನು ತನ್ನ ಹೆಸರಿಗೆ ನೋಂದಾಯಿಸಬಹುದು. ನೋಂದಣಿ ಶುಲ್ಕ ರೈತನಿಗಿಲ್ಲ. ಮರ, ಬಳ್ಳಿಗಳಿಗೆ 18 ವರ್ಷ, ಉಳಿದ ಬೆಳೆಗಳಿಗೆ 15 ವರ್ಷದ ಹಕ್ಕು. ತಳಿ ಬೇರೆಯವಕ್ಕಿಂತ ಭಿನ್ನವೇ, ಗಿಡದಿಂದ ಗಿಡಕ್ಕೆ ಒಂದೇ ತೆರನೇ, ವರ್ಷದಿಂದ ವರ್ಷಕ್ಕೆ ಗುಣ ಉಳಿಸಿಕೊಳ್ಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ.

ಶ್ರೀನಿವಾಸಪುರದಷ್ಟು ಮಾವು ಬೆಳೆಯುವ ತಾಲೂಕು ರಾಜ್ಯದಲ್ಲಿ ಇನ್ನೆಲ್ಲಿದೆ? ಬಾದಾಮಿ, ತೋತಾಪುರಿ, ಬೇನಿಷಾ, ನೀಲಂ ಸಾಲುಗಳ ಅಂಚಿನಲ್ಲಿ, ಬದುವಿನ ಮೇಲೆ, ವಾಟೆಯಿಂದ ತಾನೇ ಎದ್ದ ನಾಟಿ ಮರಗಳು ಇಂದಿಗೂ ಇವೆ. ಒಂದೊಂದರ ರುಚಿ ಒಂದೊಂದು. ಒಂದು ಪ್ರತಿ ವರ್ಷ ತಪ್ಪದೆ ಬಿಡುತ್ತದೆ, ಒಂದು ಎಲ್ಲ ಮುಗಿದ ಮೇಲೆ ಹಣ್ಣಾಗುತ್ತದೆ, ಒಂದರ ಉಪ್ಪಿನಕಾಯಿ ವರ್ಷ ಕಳೆದರೂ ಮೆತ್ತಗಾಗುವುದಿಲ್ಲ. ಮನೆಯವರು ಅದಕ್ಕೆ ಇಟ್ಟ ಹೆಸರು ಆ ತೋಟದ ಬೇಲಿ ದಾಟಿರುವುದಿಲ್ಲ. ಅದೇ ತಾಲೂಕಿನ ಹೊಗಳಗೆರೆಯಲ್ಲಿ ಮಾವು ಅಭಿವೃದ್ಧಿ ಕೇಂದ್ರವಿದೆ, ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಇವೆ. ಇಂಥ ಮರವಿದ್ದವರು ಎರಡು ಮೂರು ಹಂಗಾಮು ಹೂವು ಬಿಟ್ಟ ದಿನ, ಕಾಯಿಯ ತೂಕ, ಬಣ್ಣ ಬರೆದಿಟ್ಟು ಅಲ್ಲಿಗೆ ಹೋಗುವುದು ಮೊದಲ ಹೆಜ್ಜೆ. ಕಸಿ ಕಡ್ಡಿಯನ್ನು ನೆಂಟರಿಗೂ ನರ್ಸರಿಯವರಿಗೂ ಕೈಗೆ ಕೊಡುವುದು ಅದಾದ ಮೇಲೆ ಇಟ್ಟುಕೊಳ್ಳಬಹುದು. ಕಸಿ ಬಲ್ಲವನಿಗೆ ಮರ ಬೇಕಿಲ್ಲ, ಬೆರಳುದ್ದದ ಕಡ್ಡಿ ಸಾಕು.

ಆಲೂಗಡ್ಡೆಗೆ ಕೋಟಿ ರೂಪಾಯಿ ದಾವೆ

ಇದೇ ಕಾನೂನು ರೈತನ ಎದುರಿಗೂ ನಿಂತದ್ದುಂಟು. ಚಿಪ್ಸಿಗೆಂದು ಪೆಪ್ಸಿಕೋ ಕಂಪನಿ ನೋಂದಾಯಿಸಿಕೊಂಡಿದ್ದ ಎಫ್‌ಎಲ್ 2027 ಎಂಬ ಆಲೂಗಡ್ಡೆಯನ್ನು ಅನುಮತಿಯಿಲ್ಲದೆ ಬೆಳೆದರೆಂದು 2019ರಲ್ಲಿ ಗುಜರಾತಿನ ಕೆಲವು ರೈತರ ಮೇಲೆ ಅದು ದಾವೆ ಹೂಡಿತು. ಕೆಲವರಿಂದ ತಲಾ ಒಂದು ಕೋಟಿಗೂ ಮೀರಿ ಪರಿಹಾರ ಕೇಳಿತ್ತು. ದೇಶದ ತುಂಬ ಗಲಾಟೆಯಾಗಿ ಅದೇ ವರ್ಷ ಮೇ ತಿಂಗಳಲ್ಲಿ ದಾವೆ ಹಿಂತೆಗೆಯಿತು. 2021ರ ಡಿಸೆಂಬರಿನಲ್ಲಿ ತಳಿ ಪ್ರಾಧಿಕಾರ ಕಂಪನಿಯ ನೋಂದಣಿಯನ್ನೇ ರದ್ದು ಮಾಡಿತು. ಕಂಪನಿ ದಿಲ್ಲಿ ಹೈಕೋರ್ಟಿಗೆ ಹೋಗಿ, 2023ರಲ್ಲಿ ಸೋತು, 2024ರ ಜನವರಿಯಲ್ಲಿ ವಿಭಾಗೀಯ ಪೀಠದಲ್ಲಿ ಗೆದ್ದಿತು.

ಆಲೂಗಡ್ಡೆ ಬೆಳೆಯುವ ಮಾಲೂರು, ಕೋಲಾರದವರು ಈ ಜಗಳದಿಂದ ನೆನಪಿಡಬೇಕಾದದ್ದು ಕಾಯ್ದೆಯ 39ನೇ ಕಲಂ. ನೋಂದಾಯಿತ ತಳಿಯಾದರೂ ರೈತ ತಾನು ಬೆಳೆದದ್ದನ್ನು ಬೀಜಕ್ಕಿಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವರಿಗೆ ಕೊಡಬಹುದು, ಮಾರಲೂಬಹುದು. ಒಂದೇ ನಿರ್ಬಂಧ: ಆ ತಳಿಯ ಹೆಸರು, ಲೇಬಲ್ ಹಾಕಿ ಪ್ಯಾಕೆಟ್ ಮಾಡಿ ಬ್ರ್ಯಾಂಡ್ ಬೀಜವಾಗಿ ಮಾರುವಂತಿಲ್ಲ. ಇಂಥ ಹಕ್ಕಿದೆಯೆಂದು ಗೊತ್ತಿಲ್ಲದೆ ತಪ್ಪು ಮಾಡಿದ ರೈತನಿಗೆ ಅದೇ ಕಾಯ್ದೆಯಲ್ಲಿ ರಕ್ಷಣೆಯೂ ಇದೆ.

39ನೇ ಕಲಮಿನ ಎರಡನೇ ಭಾಗ ಇನ್ನೂ ಕಡಿಮೆ ಜನರಿಗೆ ಗೊತ್ತು. ನೋಂದಾಯಿತ ತಳಿಯ ಬೀಜ ಅಥವಾ ಸಸಿ ಮಾರುವವರು ಇಂಥ ಪರಿಸ್ಥಿತಿಯಲ್ಲಿ ಇಷ್ಟು ಬೆಳೆ ಬರುತ್ತದೆಂದು ರೈತನಿಗೆ ತಿಳಿಸಬೇಕು. ಹೇಳಿದಷ್ಟು ಬರದಿದ್ದರೆ ರೈತ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು. ಅದಕ್ಕೆ ಬೀಜದ ಪ್ಯಾಕೆಟ್ಟು, ಅದರ ಮೇಲಿನ ಲಾಟ್ ನಂಬರು, ಅಂಗಡಿಯ ರಸೀತಿ ಬೇಕು. ಎಪಿಎಂಸಿಯಲ್ಲಿ ಬೆಲೆ ಬಿದ್ದದ್ದಕ್ಕೆ ಇದು ಅನ್ವಯಿಸದು, ಬೀಜ ಕೈಕೊಟ್ಟದ್ದಕ್ಕೆ ಮಾತ್ರ. ಆ ಪ್ಯಾಕೆಟ್ಟು ಈಗ ಸಾಮಾನ್ಯವಾಗಿ ಬದುವಿನ ಮೇಲೆ ಬಿದ್ದಿರುತ್ತದೆ.